ದ್ವೀಪದ ಹುಡುಗಿಗೆ ಮಸಿ ಬೇಡ

“ನಾ ಮಸಿ ಹಚ್ಕೊಳ್ಳಂಗಿಲ್ರೀ!”

ಸಾಬಮ್ಮ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಗುರುಲಿಂಗಯ್ಯ ಮಾಸ್ತರರ ಬೆರಳಿನಲ್ಲಿ ಎಣ್ಣೆ ಕಲಸಿದ ಹಂಚಿನ ಮಸಿ ಇತ್ತು.

ಶಾಲೆ ಉರ್ದುವಿನಿಂದ ಕನ್ನಡಕ್ಕೆ ತಿರುಗಿದ ಮೇಲೆ ಇದೇ ಮೊದಲ ವಾರ್ಷಿಕ ಗ್ಯಾದರಿಂಗ್. ಕಾಗಿಣಾ ಹೊಳೆಯ ದಂಡೆಯ ಇಡೀ ಊರೇ ಹೊರಗೆ ಬಂದು ಕೂತಿತ್ತು. ‘ಜಗತ್ತಿನ ಮಕ್ಕಳು’ ಎಂಬ ವೇಷದ ಪಂದ್ಯ ಇನ್ನೇನು ಶುರುವಾಗಬೇಕು.

ಶಿವಕಾಂತಮ್ಮ ಜಪಾನಿನ ಹುಡುಗಿ. ರೇಷ್ಮೆ ಸೀರೆ ಸುತ್ತಿ, ಛತ್ರಿ ಹಿಡಿದು ಬೀಗುತ್ತಿದ್ದಳು. ಲತೀಫಾ ಅರಬಸ್ತಾನದವಳು, ಅವಳಿಗೆ ಜರಿಯ ಓಢಣಿ. ಪೆಸಿಫಿಕ್ ಸಮುದ್ರದ ದ್ವೀಪದ ಹುಡುಗಿ ಸಾಬಮ್ಮ. ಅವಳ ಸೊಂಟಕ್ಕೆ ಬೇವಿನ ಸೊಪ್ಪು, ಮುಖಕ್ಕೆ ಮಸಿ, ಬಾಯಿಗೆ ‘ಹೂ ಹೂ’ ಎಂಬ ಕೂಗು. ಎಂಥ ಪಾಲು ನೋಡಿ!

“ಯಾಕ ಹಚ್ಕೊಳ್ಳಂಗಿಲ್ಲ?” ಮಾಸ್ತರರು ಗದರಿದರು.

“ದ್ವೀಪದ ಮಂದಿ ಮುಗಿಲಾಗಿನ ಚಿಕ್ಕಿ ನೋಡ್ಕೋತ ಸಮುದ್ರ ದಾಟ್ತಾರ. ನಾವಿ ಮಗುಚಬಾರ್ದಂತ ಬಾಜೂಕ ಒಂದು ಕಟಗಿ ಕಟ್ತಾರ. ಹುಡುಗೇರೂ ನೀರಾಗ ಮುಳುಗಿ ಮೀನ ಹಿಡೀತಾರ. ಭೂಗೋಳ ಕ್ಲಾಸಿನ್ಯಾಗ ನೀವೇ ಹೇಳೀರಿ. ‘ಹೂ ಹೂ’ ಅಂತಾರ ಅಂತ ಹೇಳಿಲ್ರೀ.”

ಮಾಸ್ತರರು ಕೆಟ್ಟವರೇನಲ್ಲ. ಆ ಪಾಠ ಹೇಳಿದ ದಿನ ಸಾಬಮ್ಮ ಬುತ್ತಿ ಬಿಚ್ಚುವುದನ್ನೂ ಮರೆತಿದ್ದಳು. ಅವಳ ಅಪ್ಪ ಮಾಣಿಕಪ್ಪ ದುಂಡು ಹರಿಗೋಲಿನಲ್ಲಿ ಜನರನ್ನು ಹೊಳೆ ದಾಟಿಸುವವನು. ಅಷ್ಟು ದೂರದಲ್ಲೂ ತಮ್ಮಂಥವರೇ ಇದ್ದಾರೆಂದು ಕೇಳಿ ಅವಳಿಗೆ ನೆಂಟರ ಸುದ್ದಿ ಬಂದಷ್ಟು ಖುಷಿಯಾಗಿತ್ತು.

“ಅದು ಪಾಠ, ಇದು ತಮಾಷಾ. ಮಂದಿ ನಗಬೇಕಲ್ಲ! ನೀ ಹೆಂಗೂ ಕರ್ರಗ ಅದೀ, ಭಾಳ ಒಪ್ತದ,” ಎಂದರು ಮಾಸ್ತರರು.

ಶಿವಕಾಂತಮ್ಮ ಕಿಸಕ್ಕೆಂದಳು. “ಮೀನ ತಿನ್ನೋರ ವೇಷ ಮೀನ ತಿನ್ನೋರಿಗೇ!”

ಸಾಬಮ್ಮನ ಮೈಯೆಲ್ಲ ಉರಿಯಿತು. ಹೊರಗೆ ಅಪ್ಪ ಒಗೆದ ರುಮಾಲು ಸುತ್ತಿಕೊಂಡು ಮುಂದೆಯೇ ಕೂತಿದ್ದ. ಅವನೆದುರು ಮಂಗನ ಹಾಗೆ ಕುಣಿಯುವುದೆ? ಜನ ಆಗ ನಗುವುದು ದ್ವೀಪದವರನ್ನು ನೋಡಿಯೋ, ಅಪ್ಪನನ್ನು ನೋಡಿಯೋ?

“ಮಸಿ ಇಲ್ಲಂದ್ರ ಸ್ಟೇಜಿಗೆ ಹೋಗಬ್ಯಾಡ,” ಮಾಸ್ತರರು ಕಡ್ಡಿ ಮುರಿದಂತೆ ಹೇಳಿದರು.

ಸಾಬಮ್ಮ ಸೊಪ್ಪು ಬಿಚ್ಚಿ ಎಸೆದಳು. ಪರದೆ ಕಟ್ಟಿ ಉಳಿದಿದ್ದ ಬಿದಿರುಕೋಲು ಎತ್ತಿಕೊಂಡಳು. ಪಂದ್ಯ ಶುರುವಾಯಿತು. ಲತೀಫಾ ತನ್ನ ಸರದಿ ಮುಗಿಸಿ ಇಳಿದು ಬರುತ್ತಲೇ, ಯಾರಾದರೂ ತಡೆಯುವ ಮೊದಲೇ, ಸ್ಟೇಜು ಮಾಡಿದ್ದ ಫರಸಿ ಕಲ್ಲಿನ ಕಟ್ಟೆಯ ಮೇಲೆ ಹತ್ತಿಬಿಟ್ಟಳು!

ಮಂಡಿಯೂರಿ ಕೂತು ಆ ಕೋಲಿನಿಂದಲೇ ಹುಟ್ಟು ಹಾಕತೊಡಗಿದಳು. ತಲೆಯೆತ್ತಿ ಚಿಕ್ಕಿ ಹುಡುಕಿದಳು. ಮತ್ತೆ ಹುಟ್ಟು ಹಾಕಿದಳು.

“ಏ, ಕುಣಿಯವ್ವಾ!” ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು.

“ಕುಣಿಯಂಗಿಲ್ಲ!” ಅವಳ ಕೈ ನಿಲ್ಲಲಿಲ್ಲ. “ನಾ ದ್ವೀಪದಾಕಿ. ನಡು ಸಮುದ್ರದಾಗ ಅದೀನಿ. ಹುಟ್ಟು ಬಿಟ್ಟು ಕುಣದ್ರ ನೀವು ಬಂದು ದಡ ಮುಟ್ಟಸ್ತೀರೇನು?”

ಜನ ಮತ್ತೆ ನಕ್ಕರು, ಚಪ್ಪಾಳೆಯನ್ನೂ ತಟ್ಟಿದರು. ಮಾಣಿಕಪ್ಪ ಮಾತ್ರ ನಗಲಿಲ್ಲ. ಕೂತಲ್ಲೇ ಅವನ ಭುಜ ಮಗಳ ಜೊತೆಗೆ ಹಿಂದೆ ಮುಂದೆ ತೂಗುತ್ತಿತ್ತು.

ಇನಾಮು ಜಪಾನಿನ ಪಾಲಾಯಿತು. ಮಾಸ್ತರರು ಸಾಬಮ್ಮನನ್ನು ಮಾತಾಡಿಸಲೇ ಇಲ್ಲ. ಸಂಜೆ ಅಪ್ಪ ಮಗಳು ಹರಿಗೋಲಿನಲ್ಲಿ ಆಚೆ ದಂಡೆಗೆ ಹೊರಟರು.

“ಯವ್ವಾ, ಆ ದ್ವೀಪದ ಮಂದಿ ಖರೇನೇ ಅದಾರೇನು?” ಅಪ್ಪ ಮಗಳನ್ನು ಕೇಳಿದ.

“ಅದಾರಪ್ಪಾ. ಅವರ ನಾವಿ ಮಾತ್ರ ಉದ್ದಕ ಇರ್ತದ.”

“ಉದ್ದಕ?” ಮಾಣಿಕಪ್ಪ ಹುಟ್ಟು ನಿಲ್ಲಿಸಿ ಹೊಟ್ಟೆ ಹಿಡಿದು ನಕ್ಕ. “ಎಂಥಾ ಹುಚ್ಚು ಮಂದಿನವ್ವಾ!”

ಸಾಬಮ್ಮನಿಗೂ ನಗು ಬಂತು. ಆದರೆ ಬಂದ ನಗು ಅರ್ಧಕ್ಕೇ ನಿಂತಿತು.

“ಅಪ್ಪಾ, ಆ ದ್ವೀಪದಾಗೂ ಒಂದು ಸಾಲಿ ಇರಬಹುದಲ್ಲಾ? ಕಾಗಿಣಾದ ಮಂದಿ ಬುಟ್ಯಾಗ ಕುಂತು ಹೊಳಿ ದಾಟ್ತಾರ ಅಂತ ಅಲ್ಲಿ ಮಾಸ್ತರ ಹೇಳಿದ್ರ ಹೆಂಗ?”

ಮಾಣಿಕಪ್ಪ ನಗು ನಿಲ್ಲಿಸಿದ. ತನ್ನ ದುಂಡನೆಯ ಹರಿಗೋಲನ್ನು ಒಮ್ಮೆ ಸುತ್ತಲೂ ನೋಡಿಕೊಂಡ.

“ಅಲ್ಲಿ ನನ್ನ ವೇಷ ಹೆಂಗ ಕಟ್ತಾರೋ ಏನೋ,” ಎಂದಳು ಸಾಬಮ್ಮ. “ನಾಳಿ ಮಾಸ್ತರಿಗೆ ಇದನ್ನ ಕೇಳೇ ಕೇಳ್ತೀನಿ.”