ಎಂಟು ನಿಮಿಷ ಮೂವತ್ತೇಳು ಸೆಕೆಂಡು

ಡಬ್ಬಿಯಲ್ಲಿ ನಾಲ್ಕು ಚೀಟಿ ಇರಬೇಕಿತ್ತು. ಐದಿದ್ದವು.

ಐದನೆಯದನ್ನು ಬಿಡಿಸಿದ ಮಗಳ ಕೈ ಅಲ್ಲೇ ನಿಂತುಬಿಟ್ಟಿತು. ಹಸಿರು ಶಾಯಿ. ಬಲಕ್ಕೆ ವಾಲಿದ ಅಕ್ಷರ. ಪ್ರಶ್ನೆಯ ಗುರುತಿನ ಕೆಳಗೆ ಚುಕ್ಕಿಯ ಬದಲು ಪುಟ್ಟ ಸೊನ್ನೆ. ಅಪ್ಪನ ಬರಹ. ಅಪ್ಪ ತೀರಿಕೊಂಡು ಮೂರು ತಿಂಗಳಾಗಿತ್ತು.

"ಆಕ್ಟೋಪಸ್‌ಗೆ ಎಷ್ಟು ಹೃದಯ?" ಎಂದು ಹೇಗೋ ಓದಿದಳು. ಮೂರು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಉತ್ತರ ಬಿಟ್ಟು ಎಲ್ಲರೂ ಬಗ್ಗಿ ಆ ಹಸಿರು ಅಕ್ಷರಗಳನ್ನೇ ನೋಡಿದರು.

ಅದೊಂದು ಪುಸ್ತಕ ಬೈಂಡಿಂಗ್ ಅಂಗಡಿ. ಹನ್ನೊಂದು ವರ್ಷದಿಂದ ಸಂಜೆ ನಾಲ್ಕಕ್ಕೆ ಅಲ್ಲಿ ಚಹಾದ ಜೊತೆ ಪ್ರಶ್ನೆಗಳ ವಿನಿಮಯ. ದಿನಕ್ಕೆ ಒಬ್ಬೊಬ್ಬರು ಒಂದೊಂದು ಪ್ರಶ್ನೆ ಬರೆದು ಬಾಗಿಲ ಪಕ್ಕದ ತಗಡಿನ ಡಬ್ಬಿಗೆ ಹಾಕಬೇಕು. ಗೆದ್ದವರಿಗೆ ಬಹುಮಾನವಿಲ್ಲ, ಗೊತ್ತಿಲ್ಲದವರಿಗೆ ಶಿಕ್ಷೆ ಮಾತ್ರ ಉಂಟು— ಎದ್ದು ನಿಂತು, ಬೀದಿಗೆ ಕೇಳುವ ಹಾಗೆ "ನನಗೆ ಗೊತ್ತಿಲ್ಲ" ಎನ್ನಬೇಕು. ಔಷಧಿ ಅಂಗಡಿಯ ಮಾತ್ರೆಯಣ್ಣ ಎಷ್ಟು ಸಲ ಎದ್ದಿದ್ದನೋ ಲೆಕ್ಕವಿಲ್ಲ. ಅಂಚೆಯಕ್ಕ ನಗುತ್ತಲೇ ಎದ್ದು ಹೇಳುವಳು. ಗಡಿಯಾರ ರಿಪೇರಿಯ ಮಾಮ ಮಾತ್ರ ಒಮ್ಮೆಯೂ ಎದ್ದವನಲ್ಲ. ಗೊತ್ತಿಲ್ಲದಿದ್ದರೂ ಏನಾದರೊಂದು ಉತ್ತರ ಒಗೆಯುವ ಗಟ್ಟಿ ಆಸಾಮಿ. ಅಪ್ಪ ಹೋದ ಮೇಲೆ ಅವನ ಜಾಗದಲ್ಲಿ ಮಗಳು ಕೂತಿದ್ದಳು. ಅಂಗಡಿಯೂ ಅವಳದೇ ಆಗಿತ್ತು.

ಮರುದಿನ ಮತ್ತೊಂದು ಹಸಿರು ಚೀಟಿ. ಅದರ ಮರುದಿನ ಇನ್ನೊಂದು. ಅವಳ ನಿದ್ದೆ ಹಾರಿಹೋಯಿತು. ಅಂಟಿನ ವಾಸನೆ ಬಂದರೆ ಅಪ್ಪ ಬಂದ ಹಾಗೆ. ಊಟವಾದ ಮೇಲೆ ಮೇಜಿಗೆ ತಲೆಯಿಟ್ಟು ಅಪ್ಪ ಹೊಡೆಯುತ್ತಿದ್ದ ಗೊರಕೆ— ಬೀದಿಯವರೆಲ್ಲ ತಮಾಷೆ ಮಾಡುತ್ತಿದ್ದ ಗೊರಕೆ— ಖಾಲಿ ಅಂಗಡಿಯಲ್ಲಿ ಕೇಳಿದಂತಾಗುತ್ತಿತ್ತು.

ಅವಳಿಗೆ ದೆವ್ವದ ಹೆದರಿಕೆ ಇರಲಿಲ್ಲ. ಇದ್ದದ್ದು ಬೇರೆ ಹೆದರಿಕೆ. ಆ ದಿನ ಒಂದು ಗಂಟೆಗೆ ಹೊರಗೆ ಹೋದವಳು ಎರಡಕ್ಕೆ ಬರುತ್ತೇನೆಂದಿದ್ದಳು. ದಾರಿಯಲ್ಲಿ ಗೆಳತಿ ಸಿಕ್ಕಿ ಹರಟೆ ಬೆಳೆದು, ಬಂದಾಗ ಎರಡೂ ನಲವತ್ತು. ಅಪ್ಪ ಮೇಜಿನ ಮೇಲೆ ತಲೆಯಿಟ್ಟು ತಣ್ಣಗಾಗಿದ್ದ. "ಮೆದುಳಿನ ಆಘಾತ. ಶುರುವಾದ ಅರ್ಧ ಗಂಟೆಯೊಳಗೆ ಯಾರಾದ್ರೂ ನೋಡಿದ್ರೆ ಉಳೀತಿದ್ರೇನೋ," ಎಂದಿದ್ದರು ಡಾಕ್ಟರು. ಅಂದಿನಿಂದ ಆ ನಲವತ್ತು ನಿಮಿಷ ಅವಳ ಕುತ್ತಿಗೆಗೆ ಬಿದ್ದಿತ್ತು. ಈಗ ಅಪ್ಪ ದಿನಾ ಒಂದು ಪ್ರಶ್ನೆ ಕೇಳುತ್ತಿದ್ದಾನೆ— ನಿಜವಾಗಿ ಕೇಳಬೇಕಾದ್ದೊಂದನ್ನು ಬಿಟ್ಟು.

ಏಳನೆಯ ಚೀಟಿ ಬಂದ ದಿನ ಅವಳು ಅತ್ತೆಯನ್ನು ಕರೆಸಿದಳು. ಅಪ್ಪನ ಅಕ್ಕ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವಳು. ಯಾರು ಯಾರನ್ನು ನೋಡಿ ಬರೆದರೆಂದು ಹೇಳುವುದರಲ್ಲಿ ಅವಳದು ಎತ್ತಿದ ಕೈ.

ಅತ್ತೆ ಏಳೂ ಚೀಟಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಅಂಚಲ್ಲಿ ತೂತು ಕಾಣತ್ತಾ?"

"ಸೂಜಿ ತೂತು, ಅತ್ತೆ. ಅಪ್ಪ ಹೊಲಿದ ಪುಸ್ತಕದ ಹಾಳೆ."

"ಯಾವ ಪುಸ್ತಕ?"

ಮಗಳು ತಡವರಿಸಿದಳು. "ಪ್ರಶ್ನೆ ಪುಸ್ತಕ. ಮುಂದೆ ಕೇಳಬೇಕಾದ್ದನ್ನೆಲ್ಲ ಅದರಲ್ಲಿ ಬರೆದಿಡ್ತಿದ್ರು— ಎಡಕ್ಕೆ ಪ್ರಶ್ನೆ, ಎದುರು ಪುಟದಲ್ಲಿ ಉತ್ತರ. ಅದು ಎಲ್ಲೋ ಕಳೆದುಹೋಯ್ತು."

"ಕೊನೇ ಸಲ ನೋಡಿದ್ದು ಯಾವಾಗ?"

"ಆ ದಿನ. ನಾನು ಹೊರಟಾಗ ಅದ್ರಲ್ಲೇ ಬರೀತಿದ್ರು."

"ನೀನು ವಾಪಸ್ ಬಂದಾಗ?"

"...ಇರ್ಲಿಲ್ಲ."

ಹೇಳಿದ ಮೇಲೆಯೇ ಅವಳಿಗೆ ಅದರ ಅರ್ಥ ತಲೆಗೆ ಹೋಯಿತು. ಒಂದರಿಂದ ಎರಡೂ ನಲವತ್ತರೊಳಗೆ ಯಾರೋ ಬಂದಿದ್ದರು. ಅಪ್ಪನ ಪಕ್ಕದಲ್ಲೇ ನಿಂತಿದ್ದರು. ಪುಸ್ತಕ ಎತ್ತಿಕೊಂಡು ಹೋಗಿದ್ದರು.

"ದೆವ್ವಕ್ಕೆ ಪುಸ್ತಕದಿಂದ ಹಾಳೆ ಹರಿಯೋ ಉಸಾಬರಿ ಯಾಕೆ ಹೇಳು," ಎಂದಳು ಅತ್ತೆ. "ಇದು ಮನುಷ್ಯರ ಕೆಲಸ. ಇವತ್ತಿನ ಚೀಟಿ ಏನು?"

"ಸೂರ್ಯನ ಬೆಳಕು ಭೂಮಿ ಮುಟ್ಟೋಕೆ ಎಷ್ಟು ಹೊತ್ತು ಬೇಕು?"

"ಓದು, ನಾಲ್ಕಕ್ಕೆ. ಏನೂ ಆಗದ ಹಾಗೆ. ನಾನು ಮೂಲೇಲಿ ಚಹಾ ಕುಡೀತಾ ಕೂತಿರ್ತೀನಿ."

ನಾಲ್ಕಕ್ಕೆ ಮೂವರೂ ಬಂದರು. ಅತ್ತೆ ಕ್ಷೇಮಸಮಾಚಾರ ವಿಚಾರಿಸುವ ನೆಪದಲ್ಲೇ ಒಬ್ಬೊಬ್ಬರನ್ನು ಕೆದಕಿದಳು.

"ಆವತ್ತು ಮಧ್ಯಾಹ್ನ ನೀನೆಲ್ಲಿದ್ದೆ, ಮಾತ್ರೆಯಣ್ಣ?"

"ಒಂದರಿಂದ ಮೂರು ಅಂಗಡಿ ಮುಚ್ಚಿ ಮಲಗ್ತೀನಲ್ಲ, ಅಮ್ಮ. ಸಾಕ್ಷಿ ಅಂದ್ರೆ ದಿಂಬೊಂದೇ."

"ನೀನಮ್ಮ?"

"ಈ ಬೀದಿ ಕಾಗದ ಹಂಚಿದ್ದು ಹನ್ನೆರಡಕ್ಕೆ," ಎಂದಳು ಅಂಚೆಯಕ್ಕ. "ಆಗ ಚೆನ್ನಾಗೇ ಇದ್ರು. ನನ್ನನ್ನ ಗೋಳುಹೊಯ್ಕೊಂಡ್ರು ಕೂಡ."

"ನೀವು?"

"ಗಡಿಯಾರ ಬಿಚ್ಚಿಕೊಂಡು ಕೂತಿದ್ದೆ," ಎಂದ ಮಾಮ. ಕಪ್ಪಿನಿಂದ ಕಣ್ಣೆತ್ತಲಿಲ್ಲ.

ಮಗಳು ಚೀಟಿ ಓದಿದಳು.

"ಅಂದಾಜು ಎಂಟು ನಿಮಿಷ," ಎಂದ ಮಾತ್ರೆಯಣ್ಣ.

"ನನಗೆ ಗೊತ್ತಿಲ್ಲ," ಎಂದು ಅಂಚೆಯಕ್ಕ ಎದ್ದು ನಿಂತು ಹೇಳಿ ಕೂತಳು.

"ಎಂಟು ನಿಮಿಷ ಮೂವತ್ತೇಳು ಸೆಕೆಂಡು," ಎಂದ ಗಡಿಯಾರದ ಮಾಮ ಮೆಲ್ಲಗೆ.

"ಸರಿ ಉತ್ತರ," ಎಂದಳು ಮಗಳು. ಎಷ್ಟೋ ದಿನದ ಮೇಲೆ ಅವಳಿಗೆ ಸಣ್ಣ ನಗು ಬಂದಿತ್ತು. ಚಿಕ್ಕವಳಿದ್ದಾಗ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಿಸಿಲಿಗೆ ಮುಖವೊಡ್ಡಿ ಅಪ್ಪ ಬಾಯಿಪಾಠ ಮಾಡಿಸಿದ್ದು ಅದನ್ನೇ.

ಅತ್ತೆ ಕಪ್ಪನ್ನು ಕೆಳಗಿಟ್ಟಳು.

"ಸರಿ ಉತ್ತರ ಅಂತ ಯಾರು ಹೇಳಿದ್ದು?"

"ಅಪ್ಪ."

"ನಿಮ್ಮಪ್ಪ ತಪ್ಪು ಹೇಳಿದ್ದ ಕಣೇ. ಎಂಟು ನಿಮಿಷ ಇಪ್ಪತ್ತು ಸೆಕೆಂಡು, ಹೆಚ್ಚುಕಡಿಮೆ. ಶಾಲೆಯಲ್ಲಿದ್ದಾಗಲೂ ಹೀಗೇ ಬರೆದು ಏಟು ತಿಂದಿದ್ದ. ಸಾಯೋವರೆಗೂ ತಿದ್ದಿಕೊಳ್ಳಲಿಲ್ಲ."

ಮಗಳು ಚೀಟಿಯಿಂದ ಕಣ್ಣೆತ್ತಿ ಮಾಮನತ್ತ ನೋಡಿದಳು.

"ಸರಿ ಉತ್ತರ ಇಬ್ಬರು ಬರೆದ್ರೆ ನಾನು ತಲೆ ಕೆಡಿಸ್ಕೊಳ್ತಿರ್ಲಿಲ್ಲ," ಎಂದಳು ಅತ್ತೆ. "ಇಬ್ಬರೂ ಓದಿರ್ತಾರೆ. ಆದ್ರೆ ಒಂದೇ ತಪ್ಪು ಇಬ್ಬರ ಪತ್ರಿಕೇಲಿ ಕಂಡ್ರೆ? ಒಬ್ಬ ಇನ್ನೊಬ್ಬನದ್ದು ನೋಡಿದಾನೆ ಅಂತಲೇ. ಈ ಮೂವತ್ತೇಳು ಸೆಕೆಂಡು ನನ್ನ ತಮ್ಮನ ಸ್ವಂತದ ತಪ್ಪು. ಅದು ನಮ್ಮ ಮನೆಯವರಿಗೆ ಬಿಟ್ಟು ಇನ್ನಾರಿಗೂ ಗೊತ್ತಿಲ್ಲ. ನಿಮ್ಮಲ್ಲಿ ಯಾರಿಗಾದ್ರೂ ಮೊದಲೇ ಹೇಳಿದ್ರೆ ಅವನು ಆ ಪ್ರಶ್ನೇನ ಡಬ್ಬಿಗೆ ಅಂತ ಬರೆದಿಡ್ತಿರ್ಲಿಲ್ಲ. ಅಂದ್ರೆ, ಅದನ್ನ ನೋಡಿರಬಹುದಾದ್ದು ಒಂದೇ ಕಡೆ. ಪುಸ್ತಕದ ಎದುರು ಪುಟದಲ್ಲಿ." ಅವಳು ತಿರುಗಿದಳು. "ಪುಸ್ತಕ ಎಲ್ಲಿದೆ, ಗಡಿಯಾರದವರೇ?"

ಅವನು ಅಲ್ಲಗಳೆಯಲಿಲ್ಲ. ಕೋಟಿನ ಒಳಜೇಬಿಗೆ ಕೈಹಾಕಿ ತೆಗೆದು ಮೇಜಿನ ಮೇಲಿಟ್ಟ. ಎದೆಗೆ ಒತ್ತಿಕೊಂಡೇ ತಿರುಗುತ್ತಿದ್ದನೆಂದು ಕಾಣುತ್ತದೆ, ರಟ್ಟು ಬಾಗಿಹೋಗಿತ್ತು.

"ಗೆಲ್ಲಬೇಕು ಅಂತ ಹೋಗಿದ್ದು," ಎಂದ. "ಹನ್ನೊಂದು ವರ್ಷ ಬುರುಡೆ ಬಿಟ್ಟು ಬಿಟ್ಟು ಸಾಕಾಗಿತ್ತು. ಒಂದು ವಾರದ ಉತ್ತರ ನೋಡ್ಕೊಂಡು ಸಂಜೆಯೊಳಗೆ ವಾಪಸ್ ಇಡೋಣ ಅಂತಿದ್ದೆ. ಒಳಗೆ ಬಂದೆ. ಮಲಗಿದ್ದ. ಗೊರಕೆ ಹೊಡೀತಿದ್ದ."

"ಗೊರಕೆ," ಎಂದಳು ಮಗಳು.

"ಯಾವತ್ತಿಗಿಂತ ಜೋರಾಗಿತ್ತು. ನನಗೆ ನಗು ಬಂತು, ಮಗಳೇ. ಎಚ್ಚರ ಆದೀತು ಅಂತ ಚಪ್ಪಲಿ ಕೈಲಿ ಹಿಡ್ಕೊಂಡೆ. ಕೈ ಕೆಳಗಿಂದ ಪುಸ್ತಕ ಎಳ್ಕೊಂಡು ಬೆಕ್ಕಿನ ಹಾಗೆ ಹೊರಗೆ ಹೋದೆ." ಅವನು ಪುಸ್ತಕದ ಬಾಗಿದ ರಟ್ಟನ್ನು ಸವರಿದ. "ನೀವೆಲ್ಲ ಅಳ್ತಾ ಇದ್ದ ಸಂಜೆ ಪುಸ್ತಕದ ಕೊನೇ ಪುಟ ನೋಡಿದೆ. ಆಗ ಗೊತ್ತಾಯ್ತು ಅದು ನಿದ್ದೆ ಅಲ್ಲ ಅಂತ."

"ಚೀಟಿ ಯಾಕೆ ಹಾಕಿದ್ರಿ?" ಎಂದು ಕೇಳಿದಳು ಅಂಚೆಯಕ್ಕ.

"ಇಟ್ಕೊಳ್ಳೋಕೂ ಆಗ್ಲಿಲ್ಲ, ಕೊಡೋಕೂ ಮುಖ ಇರ್ಲಿಲ್ಲ. ಒಂದೊಂದಾಗಿ ವಾಪಸ್ ಕೊಡೋಣ ಅಂದ್ಕೊಂಡೆ. ಅವನ ಪ್ರಶ್ನೆಗೆ ಅವನದೇ ಉತ್ತರ ಇರ್ಲಿ ಅಂತ ಅದನ್ನೇ ಹೇಳ್ದೆ. ಅದು ತಪ್ಪು ಅಂತ ನನಗೇನು ಗೊತ್ತು?"

ಮಗಳು ಪುಸ್ತಕವನ್ನು ತನ್ನತ್ತ ಎಳೆದುಕೊಂಡಳು. ಆಮೇಲೆ ಕೇಳಿದಳು, "ಎಷ್ಟು ಗಂಟೆಯಾಗಿತ್ತು ಮಾಮ, ಆಗ?"

"ಒಂದು ಹತ್ತು." ಗಡಿಯಾರದವನಲ್ಲವೇ, ತಪ್ಪುವ ಮಾತೇ ಇಲ್ಲ.

ಒಂದು ಹತ್ತು. ಅರ್ಧ ಗಂಟೆ ಎಂದಿದ್ದರು ಡಾಕ್ಟರು. ಎರಡಕ್ಕೆ ಸರಿಯಾಗಿ ಬಂದಿದ್ದರೂ ಕಾಲ ಮೀರಿರುತ್ತಿತ್ತು. ಮೂರು ತಿಂಗಳಿಂದ ಕುತ್ತಿಗೆಗೆ ಬಿದ್ದಿದ್ದ ಆ ನಲವತ್ತು ನಿಮಿಷ ಕಳಚಿಬಿತ್ತು. ಅವಳಿಗೆ ಉಸಿರು ಬಂತು. ತಲೆಯೆತ್ತಿದರೆ, ಅದೇ ಭಾರ ಎದುರಿಗಿದ್ದ ಮುದುಕನ ಹೆಗಲ ಮೇಲೆ ಕೂತಿರುವುದು ಕಂಡಿತು. ಅದು ಎಷ್ಟು ಭಾರವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳಿಗೆ ಅವನ ಮೇಲೆ ಸಿಟ್ಟು ಬಂತು. ಅಯ್ಯೋ ಎಂದೂ ಅನ್ನಿಸಿತು. ಎರಡರಲ್ಲಿ ಯಾವುದು ಹೆಚ್ಚೆಂದು ತಿಳಿಯಲಿಲ್ಲ.

ಪುಸ್ತಕದ ಕೊನೆಯ ಪುಟ ತೆರೆದಳು. ಹಸಿರು ಅಕ್ಷರ ಅರ್ಧಕ್ಕೆ ನಿಂತು, ಅಲ್ಲಿಂದ ಒಂದು ಗೆರೆ ಹಾಳೆಯ ತುದಿಯವರೆಗೆ ಜಾರಿತ್ತು. ದಿನಾ ನಾಲ್ಕಕ್ಕೆ ಓದುವ ಹಾಗೆಯೇ ಗಟ್ಟಿಯಾಗಿ ಓದಿದಳು.

"ಯಾವ ಹಕ್ಕಿ ತನ್ನ ಮರಿಗಳನ್ನು—"

ಮಾತ್ರೆಯಣ್ಣ ಮುಖ ತಿರುಗಿಸಿಕೊಂಡ. ಅತ್ತೆ ಕನ್ನಡಕ ತೆಗೆದು ಒರೆಸುತ್ತ ಕೂತಳು.

ಗಡಿಯಾರದ ಮಾಮ ಮೇಜು ಹಿಡಿದುಕೊಂಡು ಎದ್ದ. ಬೀದಿಗೆ ಕೇಳುವ ಹಾಗೆ, ಹನ್ನೊಂದು ವರ್ಷದಲ್ಲಿ ಮೊದಲ ಸಲ ಹೇಳಿದ:

"ನನಗೆ ಗೊತ್ತಿಲ್ಲ."