ಬೋಣಿಗೆ ಸಿಕ್ಕ ಹೃದಯ

ನಾಯಂಡಹಳ್ಳಿ ಮೆಟ್ರೊ ನಿಲ್ದಾಣದ ಕೆಳಗೆ, ಕಲ್ಲುಬೆಂಚಿನ ಮೇಲೆ ನಡುವಯಸ್ಸಿನವನೊಬ್ಬ ಬಿದ್ದಿದ್ದ. ಶುಕ್ರವಾರ ಬೆಳಗಿನ ಜನ ಕುಡುಕನೆಂದು ದಾಟಿ ಹೋಗುತ್ತಿದ್ದರು. ಹೂ ಮಾರುವವಳು ಮಾತ್ರ ಅವನ ಬಲಗೈ ನೋಡಿ ಕಿರುಚಿದಳು. ಮಣಿಕಟ್ಟಿಗೆ ಅಂಟುಪಟ್ಟಿ. ಪಟ್ಟಿಯ ಅಂಚಿನಲ್ಲಿ ಒಣಗಿದ ರಕ್ತ.

ಸಬ್ ಇನ್‌ಸ್ಪೆಕ್ಟರ್ ಕಲಾವತಿ ಬಗ್ಗಿ ನೋಡಿದಳು. ಉಸಿರಿತ್ತು. ಮುಖ ಊದಿತ್ತು. ಜೇಬುಗಳು ಬರಿದಾಗಿದ್ದವು. ಮಾಸ್ಕ್ ಹಾಕಿದ್ದ ಇಬ್ಬರು ಆಟೊದಿಂದ ಇಳಿಸಿ ಹೋದರಂತೆ. ಮುಖ ನೋಡಿದವರಿಲ್ಲ.

"ಕೈ ಕುಯ್ದುಕೊಂಡಿದಾನೆ ಮೇಡಂ," ಎಂದ ಕಾನ್‌ಸ್ಟೆಬಲ್ ಮುತ್ತುರಾಜ. "ಲವ್ ಫೇಲ್ಯೂರು."

"ಈ ವಯಸ್ಸಲ್ಲೂ?"

"ವಯಸ್ಸಿಗೂ ಲವ್ವಿಗೂ ಏನ್ ಸಂಬಂಧ? ನಮ್ಮ ಮಾವನ್ನ ನೋಡ್ಬೇಕು ನೀವು."

"ಮಾವನ ಕಥೆ ಆಮೇಲೆ. ಮೊದಲು ಕಾಲು ಹಿಡಿ."

* * *

ಸರ್ಕಾರಿ ಆಸ್ಪತ್ರೆಯ ಮೂತ್ರಪಿಂಡ ತಜ್ಞೆ ಡಾಕ್ಟರ್ ರಾಗಿಣಿ ಮಾತನ್ನು ಸುತ್ತಿಬಳಸುವವಳಲ್ಲ.

"ಎರಡೂ ಕಿಡ್ನಿ ನಿಂತಿವೆ. ಡಯಾಲಿಸಿಸ್ ಹಾಕ್ತಿದೀನಿ. ಆದ್ರೆ ನಿಲ್ಲಿಸಿದ್ದು ಏನು? ವಿಷ ಕುಡಿದಿದ್ರೆ ಅದಕ್ಕೊಂದು ಮದ್ದು. ಕುಡಿದೇ ಇದ್ರೆ ಆ ಮದ್ದೇ ಇವನನ್ನ ಮುಗಿಸುತ್ತೆ. ಬೇಗ ಪತ್ತೆಮಾಡಿ."

ಗಂಡ ಕಾಣೆಯಾಗಿದ್ದಾನೆಂದು ಠಾಣೆಗೆ ಬಂದಿದ್ದ ಗುರವ್ವ, ಫೋಟೊ ನೋಡಿದವಳೇ ಗೋಡೆಗೆ ಒರಗಿದಳು. ಅವನ ಹೆಸರು ಯಲ್ಲಪ್ಪ. ಮೈಸೂರು ರಸ್ತೆಯ ಗೋದಾಮಿನಲ್ಲಿ ಮೂಟೆ ಹೊರುವ ಕೆಲಸ. ಬುಧವಾರ ಹೋದವನು ಮರಳಿರಲಿಲ್ಲ.

"ಬಾಳೇಶಂದೇ ಕೆಲಸ ರೀ ಮೇಡಂ! ಗೋದಾಮಿನ್ಯಾಗ ಹೊಡೆದಾಡಿದ್ರು. ಅವನೇ ಏನೋ ಕುಡಿಸ್ಯಾನ."

ಯಲ್ಲಪ್ಪನ ಜೊತೆ ಮೂಟೆ ಹೊರುವ ಬಾಳೇಶ ಠಾಣೆಯಲ್ಲಿ ಬೆವರೊರೆಸಿಕೊಳ್ಳುತ್ತ ನಿಂತ. "ಹೊಡೆದೀನಿ ರೀ, ಖರೇ. ಅವನೂ ಹೊಡೆದಾನ. ಮರುದಿನ ಇಬ್ರೂ ಒಂದೇ ಬುತ್ತಿ ಉಂಡೀವಿ. ಬುಧವಾರ ಮುಂಜಾನೆ ನಾನೇ ಚಾ ಕೊಡಸಾಕ ಹೋದ್ರ ಒಲ್ಲೆ ಅಂದ. ಖಾಲಿ ಹೊಟ್ಟಿಲೆ ಬಾ ಅಂತ ಸಾಹೇಬ್ರು ಹೇಳ್ಯಾರಂತ."

"ಯಾವ ಸಾಹೇಬರು?"

"ಕೇಳಿದ್ರ ನಕ್ಕ. ಹೆಂಡ್ತಿಗೆ ಹೇಳಬ್ಯಾಡ, ಅಂಜತಾಳ ಅಂದ."

ವಿಷ ಹಾಕುವವನು ಖಾಲಿ ಹೊಟ್ಟೆಯಲ್ಲಿ ಬಾ ಎನ್ನುವುದಿಲ್ಲ. ಕಲಾವತಿ ಮತ್ತೆ ಆಸ್ಪತ್ರೆಗೆ ಜೀಪು ತಿರುಗಿಸಿದಳು.

* * *

ರಾಗಿಣಿ ಸ್ಕ್ಯಾನ್ ಪರದೆಯ ಮುಂದೆ ನಿಂತಿದ್ದಳು.

"ಇಲ್ಲಿ ನೋಡಿ."

ಬೂದು ಬಣ್ಣದ ಹೊಟ್ಟೆಯ ನಡುವೆ, ಬೆನ್ನೆಲುಬಿನ ಎರಡು ಪಕ್ಕ, ಎರಡು ಮೂತ್ರಪಿಂಡಗಳು ಹಚ್ಚಿಟ್ಟ ದೀಪಗಳ ಹಾಗೆ ಬೆಳಗುತ್ತಿದ್ದವು. ಸಾಯುತ್ತಿರುವ ಅಂಗಗಳಿಗೆ ಇಷ್ಟು ಚೆಲುವಿರಬಹುದೆಂದು ಕಲಾವತಿ ಎಣಿಸಿರಲಿಲ್ಲ.

"ನಾನು ಇವನಿಗೆ ಏನೂ ಹಾಕಿಲ್ಲ," ಎಂದಳು ರಾಗಿಣಿ. "ಆಂಜಿಯೋಗ್ರಾಮ್ ಮಾಡುವಾಗ ಹೃದಯದ ರಕ್ತನಾಳ ಎಕ್ಸ್‌ರೇಯಲ್ಲಿ ಕಾಣಲಿ ಅಂತ ತೊಡೆಯಿಂದಲೋ ಮಣಿಕಟ್ಟಿನಿಂದಲೋ ಡೈ ಬಿಡ್ತಾರೆ. ಒಳ್ಳೆ ಕಿಡ್ನಿ ಅದನ್ನ ಬೇಗ ಹೊರಗೆ ಹಾಕುತ್ತೆ. ಸೋತ ಕಿಡ್ನಿ ಹೀಗೆ ಹಿಡಿದಿಟ್ಟುಕೊಳ್ಳುತ್ತೆ. ಬಾಯಿ ಬಿಡದ ಮನುಷ್ಯನ ಪರವಾಗಿ ಇವು ಸಾಕ್ಷಿ ಹೇಳ್ತಿವೆ."

ಗುರವ್ವ ಬಾಗಿಲಲ್ಲೇ ಇದ್ದಳು. "ಸೋಮವಾರ ಮಾಡಿಸೀವಲ್ರಿ! ಎದಿ ನೋವಂತ ವಿಜಯನಗರದ ದವಾಖಾನಿಗೆ ಹೋಗಿದ್ವಿ. ಗೋಪೀನಾಥ ಡಾಕ್ಟ್ರು ಮಾಡಿದ್ರು. ಹೃದಯ ಛಲೋ ಐತಿ, ಸಕ್ಕರಿ ಕಾಯಿಲಿಯಿಂದ ಕಿಡ್ನಿ ಸೋತಾವು, ನೀರು ಕುಡೀರಿ ಅಂದ್ರು."

ಕಲಾವತಿ ಗೋಪೀನಾಥನಿಗೆ ಫೋನ್ ಮಾಡಿದಳು. ಸವಿಯಾದ ದನಿ. "ಅಯ್ಯೋ ಪಾಪ! ಹೌದು ಮೇಡಂ, ನಾನೇ ಮಾಡಿದ್ದು. ಕಿಡ್ನಿ ವಿಷಯ ಎಚ್ಚರಿಸಿದ್ದೆ. ಇವರು ಹೊರಗೆ ಹೋಗಿ ನೋವಿನ ಮಾತ್ರೆ ನುಂಗ್ತಾರೆ, ನಾವೇನು ಮಾಡೋಣ?"

ಕಲಾವತಿ ಫೋನಿಟ್ಟು ಗುರವ್ವನ ಕಡೆ ತಿರುಗಿದಳು. "ಸೋಮವಾರ ಕೈಗೆ ಚುಚ್ಚಿದ್ರಾ?"

"ಇಲ್ರಿ. ತೊಡಿಗೆ."

ರಾಗಿಣಿ ಮಣಿಕಟ್ಟಿನ ಪಟ್ಟಿಯನ್ನು ಮೆಲ್ಲನೆ ಬಿಡಿಸಿದಳು. ಕುಯ್ದ ಗಾಯವಲ್ಲ, ನಾಡಿಯ ಮೇಲೆ ಒಂದೇ ಒಂದು ಸೂಜಿಯ ತೂತು. ಎರಡನೇ ಆಂಜಿಯೋಗ್ರಾಮ್! ಅಂಟಿನ ಒಳಮೈಯಲ್ಲಿ ಒಂದು ಹಳದಿ ಸೇವಂತಿಗೆ ಎಸಳು.

"ಹೂವಿನವಳ ಬುಟ್ಟೀದು," ಎಂದ ಮುತ್ತುರಾಜ.

"ಪಟ್ಟಿಯ ಒಳಗೆ ಹೇಗೆ ಹೋಯ್ತು?" ಎಂದಳು ಕಲಾವತಿ. "ಪಟ್ಟಿ ಅಂಟಿಸಿದ ಜಾಗದಲ್ಲೇ ಹೂವಿತ್ತು. ಹೃದಯದ ಆಪರೇಷನ್ ಕೋಣೆಯಲ್ಲಿ ಹೂ ಯಾಕೆ?"

"ಡೈ ಅಂತ ಖಚಿತವಾಯ್ತು. ವಿಷದ ಮದ್ದು ಬೇಡ," ಎಂದು ನರ್ಸಿಗೆ ಕೂಗಿ ಹೇಳಿ ರಾಗಿಣಿ ಒಳಗೋಡಿದಳು.

* * *

ಚೆನ್ನಾಗಿದೆಯೆಂದು ಗೊತ್ತಾದ ಹೃದಯಕ್ಕೆ ಎರಡೇ ದಿನದಲ್ಲಿ ಮತ್ತೆ ಯಾರು ಸೂಜಿ ಹಾಕುತ್ತಾರೆ? ಜೀಪಿನಲ್ಲಿ ಕಲಾವತಿ ಅದನ್ನೇ ಗುನುಗುತ್ತಿದ್ದಳು.

"ಹೂವು ಅಂದ್ರೆ ಪೂಜೆ," ಎಂದ ಮುತ್ತುರಾಜ. "ಪೂಜೆ ಅಂದ್ರೆ ಹೊಸ ಅಂಗಡಿ. ನಮ್ಮ ಮಾವ ಅಂಗಡಿ ತೆಗೆದಾಗ ಬೋಣಿಗೆ ನನ್ನನ್ನೇ ಕರೆಸಿದ್ರು ಮೇಡಂ. ಮೊದಲ ಗಿರಾಕಿ ಚೌಕಾಸಿ ಮಾಡ್ಬಾರ್ದಲ್ಲ!"

ಕಲಾವತಿ ಅವನನ್ನು ದಿಟ್ಟಿಸಿದಳು. "ಇನ್ನೊಂದ್ಸಲ ಹೇಳು."

"ಚೌಕಾಸಿ—"

"ಸಾಕು. ಬುಧವಾರ ಈ ಸುತ್ತಮುತ್ತ ಯಾವ ಆಸ್ಪತ್ರೆಗೆ ಪೂಜೆಯಾಯ್ತು ಅಂತ ವಿಚಾರಿಸು."

* * *

ಕುರುಬರಹಳ್ಳಿಯ 'ಸುಮೇಧ ಹೃದಯ ಕೇಂದ್ರ'ದ ಬಾಗಿಲಲ್ಲಿ ಬಾಳೆಕಂಬಗಳು ಬಾಡಿದ್ದವು. ಮಾಲೀಕರು ಡಾಕ್ಟರ್ ಗೋಪೀನಾಥ.

"ಬುಧವಾರದ ಮುಹೂರ್ತ ಹೇಗಾಯ್ತು ಸಾರ್?" ಎಂದು ಕಲಾವತಿ ಕೇಳಿದಳು.

"ಭರ್ಜರಿ! ಗಣ್ಯರೆಲ್ಲ ಹೊರಗೆ ದೊಡ್ಡ ಪರದೆಯಲ್ಲಿ ನೋಡಿದ್ರು. ಮೊದಲ ಕೇಸು, ಕೃಷ್ಣಯ್ಯ ಅಂತ. ಆವತ್ತೇ ಊರಿಗೆ ಹೋದ್ರು."

"ಕೃಷ್ಣಯ್ಯನವರ ಹೃದಯ ತೋರಿಸಿ."

ನ್ಯಾಯಾಲಯದ ಅನುಮತಿ ಅವಳ ಕೈಯಲ್ಲಿತ್ತು. ಜೊತೆಗೆ ಬಂದಿದ್ದ ರಾಗಿಣಿ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟಳು. ಎಡಕ್ಕೆ ಸೋಮವಾರ, ವಿಜಯನಗರದ ಆಸ್ಪತ್ರೆಯಿಂದ ತಂದ ಯಲ್ಲಪ್ಪನದು. ಬಲಕ್ಕೆ ಬುಧವಾರ, ಇಲ್ಲಿನ ಕೃಷ್ಣಯ್ಯನದು.

ರಕ್ತನಾಳಗಳ ಎರಡು ಮರಗಳು ಮಿಡಿಯುತ್ತಿದ್ದವು. ಎಡದ ಮರದ ಕೊಂಬೆ ಎಲ್ಲಿ ಕವಲೊಡೆಯಿತೋ ಬಲದ ಮರದ್ದೂ ಅಲ್ಲೇ. ನಡುವೆ ಒಂದು ನಾಳ ಬಳುಕಿ, ಹಿಂದಕ್ಕೆ ಹೊರಳಿ, ಮತ್ತೆ ಮುಂದೆ ಹರಿದಿತ್ತು, ಎರಡರಲ್ಲೂ. ಹೆಸರು ಬದಲಿಸಬಹುದು. ತಾಯಿಯ ಗರ್ಭದಲ್ಲಿ ಬರೆದ ಆ ಕೊಂಬೆಗಳನ್ನು ಯಾರು ಬದಲಿಸುತ್ತಾರೆ!

"ಬೋಣಿ ಕೆಡಬಾರದಿತ್ತು, ಅಲ್ವಾ ಡಾಕ್ಟ್ರೇ?" ಎಂದಳು ಕಲಾವತಿ. "ಗಣ್ಯರ ಮುಂದೆ ಕಾಯಿಲೆಯ ಹೃದಯ ಕೈಕೊಟ್ಟರೆ? ಅದಕ್ಕೇ ಚೌಕಾಸಿ ಮಾಡದ ಹೃದಯ ಬೇಕಾಯ್ತು. ಇವನ ಹೃದಯ ಚೆನ್ನಾಗಿದೆ ಅಂತ ಬಲ್ಲವರು, ಸಾಹೇಬರು ಕರೆದರೆ ಬರುತ್ತಾನೆ ಅಂತ ಬಲ್ಲವರು ನೀವೊಬ್ಬರೇ. ಕಿಡ್ನಿ ಸೋತಿದೆ ಅಂತಲೂ ನಿಮಗೆ ಗೊತ್ತಿತ್ತು. ಆದರೂ ಎಲ್ಲ ಕೋನಗಳಿಂದ ತೋರಿಸಲು ಡೈ ಮೇಲೆ ಡೈ ಬಿಟ್ಟಿರಿ. ಮೂತ್ರ ನಿಂತು ಪ್ರಜ್ಞೆ ತಪ್ಪಿದಾಗ ಹೊಸ ಆಸ್ಪತ್ರೆಗೆ ಕೆಟ್ಟ ಹೆಸರು ಬರಬಾರದೆಂದು ಬೆಂಚಿನ ಮೇಲೆ ಎಸೆದಿರಿ."

ಗೋಪೀನಾಥ ಪರದೆಯಿಂದ ಕಣ್ಣು ಕೀಳಲಿಲ್ಲ. "ಏನೂ ಆಗಲ್ಲ ಅಂದುಕೊಂಡೆ," ಎಂದ. "ಅಷ್ಟು ಒಳ್ಳೆಯ ಹೃದಯ ಅದು."

ಮುತ್ತುರಾಜ ಕೈಕೋಳ ತೆಗೆದ. ಗೋಪೀನಾಥನ ಮಣಿಕಟ್ಟಿಗೆ ಹಾಕಿದ.

* * *

ದಿನಗಳು ಸರಿದವು. ಯಲ್ಲಪ್ಪ ಕಣ್ಣು ತೆರೆದಿದ್ದ. ಆದರೆ ಹಾಸಿಗೆಗೆ ಕಟ್ಟಿದ ಮೂತ್ರದ ಚೀಲ ಒಣಗಿಯೇ ಇತ್ತು. ಜೀವನಪೂರ್ತಿ ಡಯಾಲಿಸಿಸ್ಸೋ, ಬಿಡುಗಡೆಯೋ, ರಾಗಿಣಿಯೂ ಹೇಳಲಾರಳು. ಡ್ಯೂಟಿ ಮುಗಿದ ಮೇಲೆ ಕಲಾವತಿ ಬಂದು ಕೂರುತ್ತಿದ್ದಳು.

ಒಂದು ಸಂಜೆ ರಾಗಿಣಿ ಹಾಸಿಗೆಯ ಬಳಿ ನಾಡಿ ನೋಡುತ್ತಿದ್ದಾಗ, ಗುರವ್ವ ಕಲಾವತಿಯ ತೋಳು ಹಿಡಿದಳು. "ಮೇಡಂ... ನೋಡ್ರಿ."

ಪಾರದರ್ಶಕ ನಳಿಕೆಯಲ್ಲಿ ಹೊಂಬಣ್ಣದ ಒಂದು ಹನಿ ಹೊರಟಿತ್ತು. ಹಿಂದೆ ಇನ್ನೊಂದು. ಮೂವರು ಹೆಂಗಸರೂ ಆ ಚೀಲದ ಮುಂದೆ ಗರ್ಭಗುಡಿಯ ಎದುರಿನಂತೆ ನಿಂತರು. ಗುರವ್ವ ನಿಜಕ್ಕೂ ಕೈ ಮುಗಿದಳು.

"ಏನ ನೋಡಾಕತ್ತೀರಿ ಎಲ್ಲಾರೂ?" ಯಲ್ಲಪ್ಪ ನಾಚಿ ಹೊದಿಕೆ ಎಳೆದುಕೊಂಡ.

"ಸುಮ್ನಿರಿ ನೀವು," ಎಂದಳು ಗುರವ್ವ, ಕಣ್ಣು ಕದಲಿಸದೆ. "ಇನ್ನೊಂದು ಬರಾಕತ್ತೈತಿ."