ಮಡಕೆಚೂರು ತೊಳೆದವಳು

"ಅಕ್ಕಾ, ಕಾಲು ಎತ್ತಿ! ಟ್ರಂಕು ಒಳಗೆ ಬರ್ಲಿ!"

ಕಂಡಕ್ಟರ್ ಕೂಗಿದ. ಅವಳು ಎತ್ತಲಿಲ್ಲ. ಟ್ರಂಕು ಹೆಬ್ಬೆರಳಿನ ಮೇಲೇ ಕೂತಿತು. ನೋವಾಗಬೇಕಿತ್ತು... ಆಗಲಿಲ್ಲ.

ಅಪ್ಪ ಹೋದಾಗಿನಿಂದ ಹೀಗೇ. ಊಟ ರುಚಿಸುವುದಿಲ್ಲ, ಅಳು ಬರುವುದಿಲ್ಲ. 'ಕಲ್ಲು ಮನಸ್ಸಿನವಳು' ಎಂದು ಅತ್ತಿಗೆ ಆಡಿಕೊಂಡದ್ದೂ ಕಿವಿಗೆ ಬಿದ್ದಿತ್ತು. ಅದೂ ತಟ್ಟಲಿಲ್ಲ.

ಮಡಿಲಲ್ಲಿ ಬಟ್ಟೆ ಸುತ್ತಿದ ಮಡಕೆ. ನೆಲ ಅಗೆದಾಗ ಸಿಗುವ ಹಳೆಯ ಮಡಕೆಚೂರುಗಳನ್ನು ತೊಳೆದು, ಅಂಟಿಸಿ, ಮತ್ತೆ ಮಡಕೆ ಮಾಡುವುದು ಅವಳ ಕೆಲಸ. ಇದೊಂದನ್ನು ಉತ್ಖನನದ ಜಾಗದಲ್ಲಿ ಒಪ್ಪಿಸಿ, ಬೇರೆ ಊರಿಗೆ ವರ್ಗ ಮಾಡಿಸಿಕೊಳ್ಳುವುದೆಂದು ತೀರ್ಮಾನಿಸಿದ್ದಳು.

'ಅಲ್ಲಿರೋ ಆ ಮನುಷ್ಯನ ಮುಖ ಇನ್ನು ನೋಡೋದೇ ಬೇಡ.'

ಬಸ್ಸಿನಲ್ಲಿ ಜನರಿಗಿಂತ ಸಾಮಾನೇ ಹೆಚ್ಚು. ಹಾಸಿಗೆ ಸುರುಳಿ, ಸೈಕಲ್ಲು, ಟಿಕೆಟ್ಟಿಲ್ಲದ ಒಂದು ಆಡು. ತಿರುವಿನಲ್ಲಿ ಬಸ್ಸು ಗಕ್ಕನೆ ನಿಂತಿತು. ಮಣ್ಣು ಸೋಸುವ ಜರಡಿಯೊಂದು ಜನರ ತಲೆಯ ಮೇಲಿಂದಲೇ ಒಳಗೆ ಬಂತು. ಅದರ ಹಿಂದೆ ಅವನು... ಉತ್ಖನನದ ಮೇಲ್ವಿಚಾರಕ!

ಜನ ದಬ್ಬಿದ ರಭಸಕ್ಕೆ ಅವಳ ಪಕ್ಕದ ಸೀಟಿಗೇ ಬಂದು ಬಿದ್ದ.

"ನೀವಾ...?"

"ನಾನೇ. ಬೇಕಂತ ಕೂತಿಲ್ಲ. ತಳ್ಳಿಬಿಟ್ರು."

ಆಡು ಅವನ ಅಂಗಿಯ ತೋಳನ್ನು ಅಗಿಯತೊಡಗಿತು. ಅವಳಿಗೆ ನಗು ಬರಲಿಲ್ಲ.

"ಅಪ್ಪ ಹೋದಾಗ ಯಾಕೆ ಬರ್ಲಿಲ್ಲ?" ಬಸ್ಸಿನ ವೇಳೆ ವಿಚಾರಿಸುವವಳಂತೆ ಕೇಳಿದಳು. "ಎಲ್ಲರೂ ಬಂದ್ರು. ನಾನು ಬಾಗಿಲ ಕಡೆನೇ ನೋಡ್ತಿದ್ದೆ."

"ಬೇಡ ಅಂದವರ ಮನೆಗೆ ಯಾವ ಮುಖ ಇಟ್ಕೊಂಡು ಬರ್ಲಿ?"

"ಯಾರು ಬೇಡ ಅಂದಿದ್ದು?"

"ಕೇಳಿದ್ದಕ್ಕೆ ನೀವು ಉತ್ತರಾನೇ ಕೊಡ್ಲಿಲ್ವಲ್ಲ!"

"ಏನು ಕೇಳಿದ್ರಿ? ಯಾವಾಗ?"

ಅವನು ತಲೆ ತಗ್ಗಿಸಿದ. "ಚಳಿಗಾಲದಲ್ಲಿ ಕಳಿಸಿದ ಚೀಲದಲ್ಲಿ... ಮೇಲೇ ಒಂದು ದೊಡ್ಡ ಚೂರು ಇಟ್ಟಿದ್ದೆ. ಅದರ ಒಳಮೈಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೆ. ಮದುವೆ ಆಗ್ತೀರಾ ಅಂತ."

ಆ ಚೀಲ ಅವಳಿಗೆ ನೆನಪಿತ್ತು. ಅಪ್ಪ ಆಗ ಆಸ್ಪತ್ರೆಯಲ್ಲಿ. ಪ್ರತಿಯೊಂದು ಚೂರನ್ನೂ ತಿರುಗಿಸಿ ನೋಡಿಯೇ ನೀರಿಗೆ ಹಾಕುವವಳು, ಅಂದು ಇಡೀ ಚೀಲವನ್ನು ತೊಟ್ಟಿಗೆ ಸುರಿದು, ಬ್ರಷ್ಷಿನಿಂದ ಗಸಗಸ ಉಜ್ಜಿಬಿಟ್ಟಿದ್ದಳು.

"ತೊಳೆದುಬಿಟ್ಟೆ..."

"ಏನು?"

"ನೋಡದೇ ತೊಳೆದುಬಿಟ್ಟೆ ಕಣ್ರೀ! ಸೀಮೆಸುಣ್ಣದಲ್ಲಿ ಯಾರಾದ್ರೂ ಬರೀತಾರಾ? ಬಂದ ಚೂರೆಲ್ಲ ಮೊದಲು ನೀರಿಗೇ ಬೀಳತ್ತೆ ಅಂತ ನಿಮಗೆ ಗೊತ್ತಿಲ್ವಾ?"

"ಅಷ್ಟು ಹಳೇ ಚೂರಿನ ಮೇಲೆ ಶಾಯಿ ಹಾಕೋಕೆ ಮನಸ್ಸು ಬರ್ಲಿಲ್ಲ. ಕಲೆ ಉಳಿಯತ್ತೆ."

ಎಂಥ ಪೆದ್ದ! ಮಡಕೆಗೆ ಕಲೆಯಾಗಬಾರದೆಂದು ತನ್ನ ಬಾಳನ್ನೇ ನೀರಿಗೆ ಬಿಟ್ಟಿದ್ದ.

ಹಿಂದಿನ ಸೀಟಿನ ಅಜ್ಜಿಗೆ ತಡೆಯಲಾಗಲಿಲ್ಲ. "ದೇವರು ಬಾಯಿ ಕೊಟ್ಟಿಲ್ವೇನಪ್ಪಾ? ಈಗ್ಲಾದ್ರೂ ಕೇಳು!"

ಅವನ ಕಿವಿ ಕೆಂಪಾಯಿತು. "ಕೇಳ್ತೀನಿ. ಅದಕ್ಕೆ ಮೊದಲು ಇನ್ನೊಂದು ಮಾತು... ನಿಮ್ಮ ಉತ್ತರ ಏನೇ ಆಗಿದ್ರೂ ಅವತ್ತು ನಾನು ಬರ್ಬೇಕಿತ್ತು. ತಪ್ಪಾಯ್ತು." ಸ್ವರ ತಗ್ಗಿಸಿದ. "ನನ್ನ ಮದುವೆ ಆಗ್ತೀರಾ?"

ಅವಳು ಮಡಿಲ ಮಡಕೆಯನ್ನು ಎದೆಗವಚಿಕೊಂಡಳು. ಮನೆಯವರೆಲ್ಲ ಗೋಳಾಡುವಾಗ ಬಾರದಿದ್ದ ಕಣ್ಣೀರು ಈ ತಳ್ಳಾಟದ ನಡುವೆ ಬಂದೇಬಿಟ್ಟಿತು. ಅಪ್ಪ ಇನ್ನಿಲ್ಲ ಎಂಬುದು ಅವಳಿಗೆ ಅರ್ಥವಾದದ್ದೂ ಆಗಲೇ.

"ಸ್ವಲ್ಪ ಇರಿ..." ಬಿಕ್ಕಿದಳು. "ಮೊದ್ಲು ಅಪ್ಪನಿಗೋಸ್ಕರ ಅತ್ತುಬಿಡ್ತೀನಿ. ಆಮೇಲೆ ಹೂಂ ಅಂತೀನಿ."

"ಇಳೀರಿ, ಇಳೀರಿ! ಅಗೆಯೋರ ಜಾಗ ಬಂತು!" ಕಂಡಕ್ಟರ್ ಕೂಗಿದ.

ಅವನು ಏಳಲಿಲ್ಲ.

"ಇಳಿಯಲ್ವಾ?" ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

"ನೀವು ಅತ್ತು ಮುಗೀಲಿ. ಇದೇ ಬಸ್ಸು ವಾಪಸ್ ಬರೋವಾಗ ಇಳಿಯೋಣ."